ಎಣ್ಣೆ ನೀರಿನ ತೊಟ್ಟಿಯ ತಳ ತೂತಾಗುವ ಬಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಾಗಲಿ, ಮಂಡ್ಯದ ಹೆದ್ದಾರಿ ಬದಿಯ ಲಾರಿ ಸರ್ವಿಸ್ ಸ್ಟೇಷನ್ನುಗಳಲ್ಲಾಗಲಿ, ವಾಹನ ತೊಳೆದ ನೀರನ್ನು ಎಣ್ಣೆ ಬೇರ್ಪಡಿಸುವ ತೊಟ್ಟಿಯಲ್ಲಿ ನಿಲ್ಲಿಸಿ ಆಮೇಲೆ ಹೊರಬಿಡುತ್ತಾರೆ. ಉಕ್ಕಿನ ತೊಟ್ಟಿಯ ತಳ ತೂತಾದಾಗ ನಮ್ಮ ಕಡೆ ಕೇಳಿಬರುವ ವಿವರಣೆ ಒಂದೇ: ಬೋರ್‌ವೆಲ್ ನೀರಿನ ಉಪ್ಪು ಕಬ್ಬಿಣವನ್ನು ತಿಂದಿತು. ಈ ಮಾತು ಅರ್ಧ ನಿಜ. ಉಳಿದರ್ಧವನ್ನು ಎಣ್ಣೆಯ ಕೆಳಗೆ ಬದುಕುವ ಸೂಕ್ಷ್ಮಜೀವಿಗಳಲ್ಲಿ ಹುಡುಕಬೇಕು.

ಡೀಸೆಲ್ ಎಂಬುದು ಸುಮಾರು 10ರಿಂದ 22 ಇಂಗಾಲದ ಪರಮಾಣುಗಳುಳ್ಳ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಸ್ಯೂಡೊಮೊನಾಸ್‌ನಂತಹ ಬ್ಯಾಕ್ಟೀರಿಯಾಗಳಿಗೆ ಇದೇ ಆಹಾರ. ಆದರೆ ಅವು ಬೆಳೆಯುವುದು ಎಣ್ಣೆಯೊಳಗಲ್ಲ, ಎಣ್ಣೆಯೂ ನೀರೂ ಸಂಧಿಸುವ ಪದರದಲ್ಲಿ. ಅಲ್ಲಿ ಅವು ಗಾಳಿಯ ಆಮ್ಲಜನಕವನ್ನು ಇಂಗಾಲದ ಸರಪಳಿಯ ತುದಿಗೆ ಸೇರಿಸಿ ಅದನ್ನು ಆಲ್ಕೊಹಾಲ್ ಆಗಿಯೂ, ಬಳಿಕ ಆಲ್ಡಿಹೈಡ್ ಆಗಿಯೂ, ಕೊನೆಗೆ ಕೊಬ್ಬಿನಾಮ್ಲವಾಗಿಯೂ ಮಾರ್ಪಡಿಸಿ, ಆ ಆಮ್ಲವನ್ನು ಎರಡೆರಡು ಇಂಗಾಲದಂತೆ ಕತ್ತರಿಸಿ ಜೀರ್ಣಿಸಿಕೊಳ್ಳುತ್ತವೆ. ನೇರ ಸರಪಳಿಗಳು ಬೇಗ ಮುಗಿಯುತ್ತವೆ; ಕವಲುಳ್ಳವೂ ಉಂಗುರದಾಕಾರದವೂ ನಿಧಾನವಾಗಿ ಕರಗುತ್ತವೆ. ಇದೇ ಬ್ಯಾಕ್ಟೀರಿಯಾಗಳು ಸ್ರವಿಸುವ ಸಾಬೂನಿನಂತಹ ವಸ್ತು ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿಸುವುದರಿಂದ, ಬೇರ್ಪಡಿಸಲೆಂದೇ ಕಟ್ಟಿದ ತೊಟ್ಟಿಯಲ್ಲಿ ಬೇರ್ಪಡುವಿಕೆಯೇ ನಡೆಯದಂತಾಗುತ್ತದೆ.

ಲೋಹಕ್ಕೆ ನಿಜವಾದ ಕೇಡು ಇದರ ಮುಂದಿನ ಹಂತದಲ್ಲಿದೆ. ಮೇಲಿನ ಪದರದವು ಆಮ್ಲಜನಕವನ್ನೆಲ್ಲ ಬಳಸಿ ಮುಗಿಸಿದಾಗ ತಳದ ಗಸಿಯಲ್ಲಿ ಗಾಳಿಯಿಲ್ಲದ ವಾತಾವರಣ ಏರ್ಪಡುತ್ತದೆ, ಅಲ್ಲಿ ಡೀಸಲ್ಫೊವಿಬ್ರಿಯೊ ಮುಂತಾದ, ಸಲ್ಫೇಟ್ ಎಂಬ ಗಂಧಕದ ಲವಣವನ್ನು ಬಳಸುವ ಬ್ಯಾಕ್ಟೀರಿಯಾಗಳು ಮೇಲಿನವು ಬಿಟ್ಟ ಸಾವಯವ ಆಮ್ಲಗಳನ್ನು ತಿನ್ನುತ್ತ ಸಲ್ಫೇಟನ್ನು ಹೈಡ್ರೊಜನ್ ಸಲ್ಫೈಡ್ ಅನಿಲವನ್ನಾಗಿ ಪರಿವರ್ತಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಆ ಅನಿಲ ಕಬ್ಬಿಣದೊಡನೆ ಸೇರಿ ಕಪ್ಪು ಕಬ್ಬಿಣದ ಸಲ್ಫೈಡ್ ಆಗುತ್ತದೆ, ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಲೋಳೆಯ ಕೆಳಗೆ ಸಣ್ಣ ಗುಳಿಗಳು ಕೊರೆಯಲ್ಪಡುತ್ತವೆ. ಉಕ್ಕಿನ ಹಾಳೆಯ ಉಳಿದ ಭಾಗ ಗಟ್ಟಿಯಾಗಿಯೇ ಇರುವುದರಿಂದ ಹೊರಗಿನಿಂದ ಏನೂ ತಿಳಿಯುವುದಿಲ್ಲ. ಈ ಸವೆತಕ್ಕೆ ಸಲ್ಫೇಟ್ ಬಳಸುವ ಜೀವಿಗಳೇ ಕಾರಣವೆಂಬ ಸಿದ್ಧಾಂತವನ್ನು 1934ರಲ್ಲೇ ನೆದರ್ಲೆಂಡ್ಸ್‌ನ ಸಂಶೋಧಕರು ಮಂಡಿಸಿದ್ದರು. ಇವುಗಳಲ್ಲಿ ಕೆಲವು ಕಬ್ಬಿಣದಿಂದ ನೇರವಾಗಿಯೇ ಎಲೆಕ್ಟ್ರಾನುಗಳನ್ನು ಸೆಳೆಯಬಲ್ಲವು ಎಂಬುದಕ್ಕೆ 2004ರಲ್ಲಿ ಜರ್ಮನಿಯ ಸಂಶೋಧಕರು ಆಧಾರ ಒದಗಿಸಿದರು.

ಹಾಗಾದರೆ ಸಲ್ಫೇಟ್ ಎಲ್ಲಿಂದ ಬಂತು? ಒಂದು ಪಾಲು ಬೋರ್‌ವೆಲ್ ನೀರಿನದ್ದು, ಉಪ್ಪಿನ ಮಾತು ಅರ್ಧ ನಿಜವಾಗುವುದು ಇಲ್ಲಿ. ಇನ್ನೊಂದು ಪಾಲು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ್ದು, ತೊಳೆಯುವ ಪುಡಿಯದ್ದು. ಅಗ್ಗದ ಪುಡಿಗಳಲ್ಲಿ ತೂಕಕ್ಕೆಂದು ಬೆರೆಸುವ ವಸ್ತು ಬಹಳಷ್ಟು ಸಲ ಸೋಡಿಯಂ ಸಲ್ಫೇಟೇ. ಸಾಲದ್ದಕ್ಕೆ ನಮ್ಮಲ್ಲಿ ಈ ಜೀವಿಗಳ ಬೆಳವಣಿಗೆಯನ್ನು ತಡೆಯುವಷ್ಟು ಚಳಿಯೂ ಬೀಳುವುದಿಲ್ಲ.

ವಾಸನೆ ಎದ್ದೊಡನೆ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಸುರಿಯುವ ಅಭ್ಯಾಸ ನನಗೆ ಸರಿಯೆನಿಸುವುದಿಲ್ಲ. ಎಣ್ಣೆಯೂ ಗಸಿಯೂ ಕ್ಲೋರಿನ್ನಿನ ಬಹುಪಾಲನ್ನು ಹೀರಿಕೊಳ್ಳುತ್ತವೆ, ಲೋಳೆಯೊಳಗಿನ ಜೀವಿಗಳಿಗೆ ಅದು ತಲುಪುವುದು ಕಡಿಮೆ, ಉಳಿಯುವ ಕ್ಲೋರೈಡಂತೂ ಉಕ್ಕಿನ ಸವೆತವನ್ನೇ ಹೆಚ್ಚಿಸುತ್ತದೆ. ತಳದ ಗಸಿಯನ್ನು ಕಾಲಕಾಲಕ್ಕೆ ತೆಗೆದು ಹಾಳೆಯನ್ನು ಉಜ್ಜಿ ತೊಳೆಯುವುದೇ ಮೊದಲ ಕೆಲಸ, ಜೀವಿಗಳನ್ನು ಕೊಲ್ಲುವ ಔಷಧಿಯ ಮಾತು ಆಮೇಲಿನದು. ಡೀಸೆಲ್ ದಾಸ್ತಾನಿನ ಟ್ಯಾಂಕಿಗೂ ಇದೇ ನಿಯಮ: ತಳದಲ್ಲಿ ಶೇಖರವಾದ ನೀರನ್ನು ಹೊರತೆಗೆಯದೆ, ಲೋಳೆ ಕಟ್ಟಿಕೊಂಡ ಫಿಲ್ಟರ್ ಬದಲಿಸುತ್ತ ಹೋದರೆ ಖರ್ಚು ಮುಗಿಯುವುದಿಲ್ಲ.

ಆದರೆ ಗಸಿ ತೆಗೆಯಲು ಕೆಲಸಗಾರರನ್ನು ಹಾಗೆಯೇ ಒಳಗಿಳಿಸಬಾರದು. ಗಸಿ ಕದಡಿದಾಗ ಅದರಲ್ಲಿ ಸಿಲುಕಿದ್ದ ಹೈಡ್ರೊಜನ್ ಸಲ್ಫೈಡ್ ಎಂಬ ಆ ವಿಷಾನಿಲ ಒಮ್ಮೆಲೇ ಹೊರಬರುತ್ತದೆ. ಗಾಳಿಗಿಂತ ಭಾರವಾದ್ದರಿಂದ ಅದು ತಗ್ಗಿನಲ್ಲೇ ನಿಲ್ಲುತ್ತದೆ. ಪ್ರಮಾಣ ಹೆಚ್ಚಾದಂತೆ ಮೂಗು ವಾಸನೆಯನ್ನು ಗುರುತಿಸುವುದನ್ನೇ ನಿಲ್ಲಿಸಿಬಿಡುವುದರಿಂದ, ವಾಸನೆ ಹೋಯಿತೆಂದು ಧೈರ್ಯ ತಾಳಿದವರು ಅಲ್ಲಿಯೇ ಕುಸಿಯಬಹುದು. ಪಂಪಿನಿಂದ ಹೊರಗಿನಿಂದಲೇ ಗಸಿ ಎತ್ತುವುದು ಮೇಲು. ಇಳಿಯಲೇಬೇಕಾದರೆ ಮೊದಲು ಗಾಳಿಯಾಡಿಸಿ, ಅನಿಲ ಅಳೆಯುವ ಸಾಧನದಿಂದ ಪರೀಕ್ಷಿಸಿ, ಹಗ್ಗ ಹಿಡಿದ ಒಬ್ಬರನ್ನು ಮೇಲೆಯೇ ನಿಲ್ಲಿಸಿಕೊಂಡಿರಬೇಕು.