ಅಮ್ಮನ ಮರೂನ್ ಟವಲ್ಲು ಮತ್ತು ನನ್ನ ಬೆನ್ನಿನ ಮೊಡವೆ

2023ರ ದೀಪಾವಳಿಗೆ ಊರಿಗೆ ಹೋಗಿದ್ದೆ. ನೀರು ತುಂಬೋ ಹಬ್ಬ, ಎಣ್ಣೆ ಸ್ನಾನ ಎಲ್ಲಾ ಮುಗೀತು, ಮಾರನೇ ದಿನ ಹಿತ್ತಲಲ್ಲಿ ಬಟ್ಟೆ ಒಣಗಾಕ್ತಾ ಇದ್ದ ಅಮ್ಮ ಅಲ್ಲಿಂದಲೇ ನನ್ನ ಹೆಸರು ಹಿಡ್ದು ಕೂಗಿದ್ಲು. ಆ ಕೂಗು ಕೇಳಿದ್ರೆನೇ ಗೊತ್ತಾಗುತ್ತೆ ಏನೋ ಎಡವಟ್ಟಾಗಿದೆ ಅಂತ. ಹೋಗಿ ನೋಡಿದ್ರೆ ಕೈಯಲ್ಲಿ ಹೊಸ ಮರೂನ್ ಟವಲ್ಲು, ಹಬ್ಬಕ್ಕೆ ಅಂತ ತಂದಿದ್ದು, ಅದರ ತುಂಬಾ ಕಿತ್ತಳೆ ಬಣ್ಣದ ಮಚ್ಚೆ ಮಚ್ಚೆ. "ಏನೋ ಇದು, ಬ್ಲೀಚಿಂಗ್ ಪೌಡರ್ ಡಬ್ಬಕ್ಕೆ ಅದ್ದಿದ್ಯೇನೋ?"

ಇಲ್ಲಮ್ಮ ಅದು ನನ್ ಫೇಸ್‌ವಾಶು ಅಂದೆ. ಅಮ್ಮ ಟವಲ್ ನೋಡಿದ್ಲು, ನನ್ನ ಮುಖ ನೋಡಿದ್ಲು, ಮೂಗಿನ ಪಕ್ಕ ಸಿಪ್ಪೆ ಎದ್ದಿತ್ತು, ಕತ್ತು ಕೆಂಪಗೆ ಸುಟ್ಟಂಗಿತ್ತು. "ಟವಲ್ಲನ್ನೇ ಹಿಂಗ್ ಮಾಡಿದ್ದು ನಿನ್ ಮುಖನ ಬಿಡುತ್ತೇನೋ" ಅಂದ್ಲು. ಆವಾಗ ಸಿಟ್ಟು ಬಂತು, ಈಗ ಯೋಚ್ನೆ ಮಾಡಿದ್ರೆ ಆ ಪ್ರಶ್ನೆ ಸರಿಯಾಗೇ ಇತ್ತು.

ಸ್ವಲ್ಪ ಹಿಂದಿಂದ ಹೇಳ್ತೀನಿ. ನಮ್ಮೂರು ತಿಪಟೂರು ಕಡೆ. ಮನೆ ಸುತ್ತ ತೆಂಗು, ಅಟ್ಟದ ಮೇಲೆ ಕೊಬ್ಬರಿ, ತಲೆಗೆ ಕೊಬ್ಬರಿ ಎಣ್ಣೆ, ಮುಖ ಒಡೆದ್ರೂ ಕೊಬ್ಬರಿ ಎಣ್ಣೆ, ಮೊಡವೆ ಬಂದ್ರೂ ಅದೇ. ಹೈಸ್ಕೂಲಲ್ಲಿ ಹಣೆ ಮೇಲೆ ಶುರುವಾಗಿದ್ದು ಪಿಯುಸಿ ಹೊತ್ತಿಗೆ ಕೆನ್ನೆಗೆ ಇಳೀತು, ಇಂಜಿನಿಯರಿಂಗ್ ಹೊತ್ತಿಗೆ ಬೆನ್ನು ತುಂಬಿತು. ಅಜ್ಜಿ ಜಾಯಿಕಾಯಿ ತೇಯ್ದು ಹಚ್ತಿದ್ರು, ಅಮ್ಮ ಕಡಲೆಹಿಟ್ಟು ಅರಿಶಿನ, ಫ್ರೆಂಡ್ಸ್ ಹೇಳಿದ್ದು ಟೂತ್‌ಪೇಸ್ಟು. ನಿಂಬೆಹಣ್ಣೂ ಉಜ್ಜಿದ್ದೀನಿ, ಅದನ್ನ ಯಾರೂ ಮಾಡ್ಬೇಡಿ, ಉರಿ ಮಾತ್ರ ಗ್ಯಾರಂಟಿ. ಒಂದ್ಸಲ ಮೆಡಿಕಲ್ ಶಾಪಲ್ಲಿ ಕೇಳಿದ್ದಕ್ಕೆ ಒಂದು ಕ್ರೀಮ್ ಕೊಟ್ರು, ಹತ್ತೇ ದಿನಕ್ಕೆ ಮುಖ ಪಳಪಳ, ನಾನು ಫುಲ್ ಖುಷಿ, ಬಿಟ್ಟ ವಾರಕ್ಕೆ ಮೊದಲಿಗಿಂತ ಡಬಲ್ ಎದ್ದು ಬಂತು. ಆಮೇಲೆ ಗೊತ್ತಾಯ್ತು ಅದ್ರಲ್ಲಿ ಸ್ಟೆರಾಯ್ಡ್ ಇತ್ತು ಅಂತ. ಇಂಥ ಸುಮಾರು ಸ್ಟೆರಾಯ್ಡ್ ಕ್ರೀಮ್‌ಗಳನ್ನ 2018ರಲ್ಲಿ ಸರ್ಕಾರ ಡಾಕ್ಟರ್ ಚೀಟಿ ಇಲ್ದೆ ಮಾರಬಾರ್ದು ಅನ್ನೋ ಪಟ್ಟಿಗೆ ಹಾಕಿದೆ. ಅಂಗಡಿಲಿ ಕೇಳಿದ್ರೆ ಸಿಗಲ್ವಾ ಅಂದ್ರೆ, ನಂಗೆ ಸಿಕ್ಕಿತ್ತಲ್ಲ.

ಮುಖದ್ದು ಎಲ್ರಿಗೂ ಕಾಣುತ್ತೆ, ಎಲ್ರೂ ಒಂದೊಂದು ಮದ್ದು ಹೇಳ್ತಾರೆ. ಬೆನ್ನಿಂದು ಯಾರಿಗೂ ಹೇಳೋಕಾಗಲ್ಲ. ಬಿಳಿ ಶರ್ಟ್ ಹಾಕಿದ್ರೆ ಒಡೆದು ರಕ್ತದ ಚುಕ್ಕೆ. ಫ್ರೆಂಡ್ಸ್ ಜೊತೆ ಹೊಳೆಗೆ ಹೋದ್ರೆ ನಾನೊಬ್ನೇ ಟೀಶರ್ಟ್ ಹಾಕ್ಕೊಂಡು ನೀರಿಗಿಳೀತಿದ್ದೆ, ಯಾಕೋ ನಾಚ್ಕೆನಾ ಅಂತ ರೇಗಿಸ್ತಿದ್ರು.

2023ರ ಜೂನಲ್ಲಿ ದೊಡ್ಡಪ್ಪನ ಮಗಳು, ನ್ಯೂಜೆರ್ಸಿಲಿ ಇರೋ ಅಕ್ಕ, ರಜಕ್ಕೆ ಬಂದಾಗ ನನ್ನ ಅವಸ್ಥೆ ನೋಡಿ ಪ್ಯಾನಾಕ್ಸಿಲ್ ಅನ್ನೋ ವಾಶ್ ಕೊಟ್ಲು, ಅದ್ರಲ್ಲಿರೋ ಮೊಡವೆ ಮದ್ದು ಬೆಂಜಾಯ್ಲ್ ಪೆರಾಕ್ಸೈಡ್, 10%. ಅಲ್ಲೆಲ್ಲಾ ಅದು ಚೀಟಿ ಗೀಟಿ ಏನೂ ಇಲ್ದೆ ಸೋಪು ಶಾಂಪೂ ಥರ ರ‍್ಯಾಕಿಂದ ತಗೊಂಡು ಬರ್ತಾರಂತೆ. 4% ಕೂಡ ಬರುತ್ತೆ, ಆದ್ರೆ ನಿಂದು ಜೋರಿದ್ಯಲ್ಲ ಅಂತ ಹತ್ತರದ್ದೇ ತಂದೆ ಕಣೋ ಅಂದ್ಲು. ನಂಗೂ ಅದೇ ಲೆಕ್ಕಾಚಾರ. ಹತ್ತು ಅಂದ್ರೆ ನಾಲ್ಕಕ್ಕಿಂತ ಎರಡೂವರೆ ಪಟ್ಟು ಬೇಗ ವಾಸಿ, ಸಿಂಪಲ್ ಗಣಿತ. ಬೆಳಗ್ಗೆ, ಆಫೀಸಿಂದ ಬಂದ್ಮೇಲೆ, ಮಲಗೋ ಮುಂಚೆ, ದಿನಕ್ಕೆ ಮೂರು ಸಲ ಮುಖಕ್ಕೆ, ಜೊತೆಗೆ ಒಂದು ಕಾಳು ಕಾಳಾಗಿರೋ ಸ್ಕ್ರಬ್ಬು. ಬೆನ್ನಿಗೆ? ಕೈ ಎಟುಕಲ್ವಲ್ಲ, ಹೆಗಲ ಮೇಲಿಂದ ನೊರೆ ಜಾರ್ಕೊಂಡು ಹೋದಷ್ಟು ಹೋಯ್ತು, ತಕ್ಷಣ ಒಂದು ಚೊಂಬು ನೀರು. ನಾಲ್ಕು ತಿಂಗ್ಳು ಹಿಂಗೇ ನಡೀತು. ಅದರ ರಿಸಲ್ಟೇ ಆ ದೀಪಾವಳಿ ಮುಖ ಮತ್ತು ಆ ಟವಲ್ಲು. ಬೆನ್ನು ಇದ್ದಂಗೇ ಇತ್ತು.

ಅಮ್ಮ ಬಿಡ್ಲಿಲ್ಲ, ತುಮಕೂರಲ್ಲಿ ಒಬ್ರು ಸ್ಕಿನ್ ಡಾಕ್ಟರ್ ಹತ್ರ ಕರ್ಕೊಂಡು ಹೋದ್ಲು, ಜೊತೆಗೆ ಬಾಟ್ಲಿ. ಟವಲ್ಲೂ ತಂದಿದ್ಲು, ಸಾಕ್ಷಿಗೆ! ಡಾಕ್ಟ್ರು ಟವಲ್ ನೋಡಿ ನಕ್ಕು, ಔಷಧ ಒಳ್ಳೇದೇ ಕಣಪ್ಪ, ನೀನು ಉಪಯೋಗಿಸಿರೋದು ಉಲ್ಟಾ ಅಂದ್ರು. ಮುಖಕ್ಕೆ ಬೇಕಾಗಿದ್ದಕ್ಕಿಂತ ಜಾಸ್ತಿ ಬಡಿದಿದ್ಯ, ಬೆನ್ನಿಗೆ ಮುಟ್ಟಿಸೇ ಇಲ್ಲ. ನಾಲ್ಕು ತಿಂಗ್ಳು ಮಾಡಿದ್ದನ್ನ ಒಂದೇ ಮಾತಲ್ಲಿ ಮುಗಿಸಿಬಿಟ್ರು.

ಅವ್ರು ಹೇಳಿದ್ದು ಮತ್ತೆ ಆಮೇಲೆ ನಾನು ಓದ್ಕೊಂಡಿದ್ದು ಎರಡೂ ಸೇರಿಸಿ ಬರೀತಿದ್ದೀನಿ. ಮೊಡವೆಗೆ ಕಾರಣ ಕೊಳೆ ಅಲ್ಲ. ರೋಮದ ಬುಡದಲ್ಲಿ ಎಣ್ಣೆ ಜಾಸ್ತಿಯಾಗಿ, ಸತ್ತ ಚರ್ಮ ಬಿರಡೆ ಥರ ಕೂತ್ಕೊಂಡು ರಂಧ್ರ ಮುಚ್ಚುತ್ತೆ. ಅದ್ರೊಳಗೆ ಎಲ್ರ ಚರ್ಮದಲ್ಲೂ ಇರೋ ಒಂದು ಬ್ಯಾಕ್ಟೀರಿಯಾ, ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಅಂತ ಹೆಸರು, ಚೆನ್ನಾಗಿ ಬೆಳೆಯುತ್ತೆ, ಆಗ ಊದಿ ಕೆಂಪಾಗಿ ಕೀವು. ಇದಕ್ಕೆ ಆಕ್ಸಿಜನ್ ಅಂದ್ರೆ ಆಗಲ್ಲ, ಗಾಳಿ ಇಲ್ದಿರೋ ಕಡೆನೇ ಇದರ ಸಂಸಾರ. ಬೆಂಜಾಯ್ಲ್ ಪೆರಾಕ್ಸೈಡ್ ಒಳಗೆ ಹೋಗಿ ಆಕ್ಸಿಜನ್ ಬಿಡುತ್ತೆ, ಬ್ಯಾಕ್ಟೀರಿಯಾ ಸಾಯುತ್ತೆ, ಬಿರಡೆನೂ ಸ್ವಲ್ಪ ಸಡ್ಲ ಆಗುತ್ತೆ. ಆಂಟಿಬಯೋಟಿಕ್ ಆದ್ರೆ ದಿನ ಕಳೆದಂಗೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಹೋಗುತ್ತೆ, ಈ ಮದ್ದಿಗೆ ಹಂಗೆ ಒಗ್ಗಲ್ಲ. ಅದಕ್ಕೇ ಕ್ಲಿಂಡಾಮೈಸಿನ್ ಅನ್ನೋ ಆಂಟಿಬಯೋಟಿಕ್ ಜೆಲ್ ಕೊಡುವಾಗ ಇದನ್ನೂ ಜೊತೆಗೆ ಕೊಡೋದು. ಅಮ್ಮನ ಟವಲ್ಲಿನ ಬಣ್ಣ ತಿಂದಿದ್ದೂ ಈ ಆಕ್ಸಿಜನ್ ಬಿಡೋ ಗುಣವೇ. ಗೋಧಿ ಹಿಟ್ಟನ್ನ ಬಿಳಿ ಮಾಡೋಕೂ ಬಳಸ್ತಾರೆ, ಗ್ಯಾರೇಜಲ್ಲಿ ಕಾರಿಗೆ ಪುಟ್ಟಿ ಮೆತ್ತೋವಾಗ ಕಲಸ್ತಾರಲ್ಲ ಹಾರ್ಡನರ್ರು, ಅದ್ರಲ್ಲಿ ಇರೋದೂ ಸಾಮಾನ್ಯವಾಗಿ ಇದೇ. (ಆನ್‌ಲೈನಲ್ಲಿ ಎಲ್ರೂ ಇದನ್ನ ಶಾರ್ಟಾಗಿ ಬಿಪಿಒ ಅಂತಾರೆ. ನಾನೊಂದ್ಸಲ ಫೋನಲ್ಲಿ ಬಿಪಿಒ ಇಂದ ಮುಖ ಹಾಳಾಯ್ತು ಅಂದಿದ್ದಕ್ಕೆ ಮಾವ ನೈಟ್ ಶಿಫ್ಟ್ ಬಿಟ್ಬಿಡೋ ಅಂದ್ರು.)

ಪರ್ಸೆಂಟೇಜ್ ವಿಷ್ಯ ನಂಗೆ ನಿಜ ಹೊಟ್ಟೆ ಉರಿಸಿದ್ದು. 1986ರಲ್ಲೇ 2.5, 5, 10 ಪರ್ಸೆಂಟ್ ಜೆಲ್‌ಗಳನ್ನ ಹೋಲಿಸಿ ಒಂದು ಸ್ಟಡಿ ಬಂದಿದೆ, ಊದಿಕೊಂಡ ಕೆಂಪು ಮೊಡವೆ ಕಮ್ಮಿ ಮಾಡೋದ್ರಲ್ಲಿ ಮೂರೂ ಹೆಚ್ಚುಕಮ್ಮಿ ಒಂದೇ, ಸಿಪ್ಪೆ ಏಳೋದು ಉರಿಯೋದು ಮಾತ್ರ ಹತ್ತರಲ್ಲಿ ಜಾಸ್ತಿ. ನಾನು ಹುಟ್ಟೋಕೆ ಎಷ್ಟೋ ವರ್ಷ ಮುಂಚೆ ಗೊತ್ತಿದ್ದ ವಿಷ್ಯಕ್ಕೆ ನಾನು ಮುಖ ಸುಟ್ಕೊಂಡೆ. ಬೆನ್ನಿನ ಚರ್ಮ ದಪ್ಪ, ಅಲ್ಲಿಗೆ ಜೋರಿಂದು ತಡ್ಕೊಳುತ್ತೆ ಅಂತ ಡಾಕ್ಟ್ರು ಅಕ್ಕನ ಬಾಟ್ಲಿನ ಬೆನ್ನಿಗೆ ಮಾತ್ರ ಅಂತ ಫಿಕ್ಸ್ ಮಾಡಿದ್ರು. ಮುಖಕ್ಕೆ ಒಂದೆರಡು ವಾರ ಏನೂ ಬೇಡ, ಬರೀ ಸಾದಾ ಕ್ಲೆನ್ಸರ್ರು ಮಾಯಿಶ್ಚರೈಸರ್ರು, ಸಿಪ್ಪೆ ಎಲ್ಲಾ ಹೋದ್ಮೇಲೆ 4% ವಾಶು, ದಿನ ಬಿಟ್ಟು ದಿನ, ಬೆಳಗ್ಗೆ ಒಂದೇ ಸಲ. ರಾತ್ರಿ ಅಡಾಪಲೀನ್ ಜೆಲ್ಲು, ರಂಧ್ರ ಮುಚ್ಚದಂಗೆ ನೋಡ್ಕೊಳೋ ಮೊಡವೆ ಮದ್ದು, ಕಡಲೆ ಬೇಳೆ ಗಾತ್ರ. ಸ್ಕ್ರಬ್ಬು ಕಸಕ್ಕೆ ಹೋಯ್ತು. ಕೊಬ್ಬರಿ ಎಣ್ಣೆ ಮುಖಕ್ಕೆ ಬೇಡ, ತಲೆಗೆ ಹಾಕಿದ್ರೂ ರಾತ್ರಿ ಎಲ್ಲಾ ಬಿಡ್ಬೇಡ ಅಂದಾಗ ಅಮ್ಮನ ಮುಖ ನೋಡ್ಬೇಕಿತ್ತು, ಕೊಬ್ಬರಿ ಮಾರಿ ಮಗನ್ನ ಓದಿಸಿದವಳಿಗೆ ಹಿಂಗಂದ್ರೆ ಹೆಂಗೆ.

ಈಗ ಮುಖ್ಯ ವಿಷ್ಯ, ಟೈಮು. ವಾಶ್ ಅಂತ ಹೆಸರಿದ್ರೂ ಇದು ಸೋಪಲ್ಲ, ತೊಳ್ಕೊಳೋ ಮದ್ದು. ಹಚ್ಚಿದ ತಕ್ಷಣ ನೀರು ಹುಯ್ಕೊಂಡ್ರೆ ಮದ್ದು ಮೋರಿಗೆ ಹೋಗುತ್ತೆ ಅಷ್ಟೇ. ಮುಖಕ್ಕೆ ಒಂದೆರಡು ನಿಮಿಷ, ಬೆನ್ನು ಎದೆಗೆ ಎರಡರಿಂದ ಐದು ನಿಮಿಷ ಕೂರ್ಬೇಕು. ಪಿಜಿಲಿ ಇದು ಸುಲಭ ಅಲ್ಲ, ಎಂಟು ಜನಕ್ಕೆ ಎರಡು ಬಾತ್‌ರೂಮು, ಹೊರಗೆ ಒಬ್ಬ ಬಾಗಿಲು ಬಡೀತಾನೇ ಇರ್ತಾನೆ. ನಾನು ಕಂಡ್ಕೊಂಡಿದ್ದು: ಮೊದ್ಲು ತಲೆಸ್ನಾನ ಮೈ ಸೋಪು ಎಲ್ಲಾ ಮುಗಿಸೋದು, ಒದ್ದೆ ಮೈಗೆ ವಾಶ್ ಹಚ್ಚೋದು, ಆಮೇಲೆ ನಿಂತ್ಕೊಂಡು ಹಲ್ಲುಜ್ಜೋದು. ಹಲ್ಲುಜ್ಜಿ ಮುಗಿಯೋಷ್ಟ್ರಲ್ಲಿ ಎರಡು ಮೂರು ನಿಮಿಷ ಆಗಿರುತ್ತೆ, ಗಡಿಯಾರ ಬೇಡ. ಬೆನ್ನಿನ ನಡುಮಧ್ಯಕ್ಕೆ ಕೈ ಎಟುಕದೇ ಇರೋದಕ್ಕೆ ಒಂದು ಉದ್ದ ಹಿಡಿಯ ಸಿಲಿಕೋನ್ ಸಟ್ಟುಗ ತಗೊಂಡೆ, ದೋಸೆ ಮಗುಚ್ತಾರಲ್ಲ ಅದೇ. ನಗ್ಬೇಡಿ, ಬ್ರಶ್ಶು ನಾರು ಎಲ್ಲಾ ಉಜ್ಜಿ ಉಜ್ಜಿ ಇನ್ನೂ ಕೆರಳಿಸುತ್ತೆ, ಇದು ಮೆತ್ತಗೆ ಸವರುತ್ತೆ ಅಷ್ಟೇ. ಹಿಂಡೋದು ಗಿಂಡೋದು ಬೇಡವೇ ಬೇಡ. ಕಣ್ಣು, ತುಟಿ, ಮೂಗಿನ ಮೂಲೆ ಬಿಟ್ಟು ಹಚ್ಚಿ. ಆಮೇಲೆ ತೊಳೆಯೋದು ಮಾತ್ರ ಕಂಜೂಸಿ ಇಲ್ದೆ, ಕಿವಿ ಹಿಂದೆ, ಗಡ್ಡ, ಕೂದಲ ಅಂಚು, ಬೆರಳ ಸಂದಿ. ಹುಬ್ಬು ಗಡ್ಡದ ಬಣ್ಣನೂ ತಿನ್ನುತ್ತೆ ಇದು, ತಲೆಗೆ ಕಲರ್ ಮಾಡಿಸಿದವ್ರು ಹುಷಾರು. ಎಷ್ಟೇ ತೊಳೆದ್ರೂ ಒಂದಿಷ್ಟು ಉಳಿಯುತ್ತೆ, ಬೆವರಿದಾಗ ಕಾಲರ್‌ಗೆ ಇಳಿಯುತ್ತೆ. ನನ್ನ ಹತ್ರ ಒಂದು ನೇವಿ ಬ್ಲೂ ಆಫೀಸ್ ಟೀಶರ್ಟ್ ಇದೆ, ಬೆನ್ನಲ್ಲಿ ಭೂಪಟ.

ಮೊದಲ ಎರಡು ಮೂರು ವಾರ ಸ್ವಲ್ಪ ಒಣಗೋದು ಬಿಗಿಯಾಗೋದು ಮಾಮೂಲಿ, ಮಾಯಿಶ್ಚರೈಸರ್ ಹಚ್ಚಿ, ಉರಿ ಜಾಸ್ತಿಯಾದ್ರೆ ಎರಡು ದಿನ ಬಿಡಿ. ಆದ್ರೆ ಮುಖ ಊದ್ಕೊಂಡು ವಿಪರೀತ ಕೆರೆತ ಬಂದ್ರೆ ಅದು ಅಲರ್ಜಿ ಇರ್ಬೋದು, ಅಪರೂಪ, ಆದ್ರೂ ನಿಲ್ಸಿ. ಉಸಿರಾಡೋಕೆ ಕಷ್ಟ ಆದ್ರೆ ಸೀದಾ ಆಸ್ಪತ್ರೆಗೆ.

ಎಲ್ಲಾ ಗುಳ್ಳೆನೂ ಮೊಡವೆ ಅಲ್ಲ ಅನ್ನೋದೂ ಒಂದಿದೆ. ನನ್ ರೂಮ್‌ಮೇಟ್ ಕುಂದಾಪುರದವ್ನು, ಜಿಮ್ ಹುಚ್ಚು, ಎದೆ ಬೆನ್ನ ಮೇಲೆಲ್ಲಾ ಸಣ್ ಸಣ್ಣ ಒಂದೇ ಅಳತೆ ಗುಳ್ಳೆಗಳು, ವಿಪರೀತ ತುರಿಕೆ. ನನ್ನ ಬಾಟ್ಲಿ ಒಂದೂವರೆ ತಿಂಗ್ಳು ಖಾಲಿ ಮಾಡಿದ, ಕೂದಲೆಳೆಯಷ್ಟೂ ಬದಲಾಗಿಲ್ಲ. ತೋರಿಸಿದ್ಮೇಲೆ ಗೊತ್ತಾಯ್ತು ಅದು ಫಂಗಸ್ಸು, ರೋಮದ ಬುಡಕ್ಕೆ ಮಲಾಸೀಜಿಯ ಅನ್ನೋ ಯೀಸ್ಟ್ ಹತ್ತಿದ್ದು, ಬೆವರು ಸೆಕೆ ಇದ್ದಲ್ಲಿ ಜಾಸ್ತಿ. ಕೀಟೋಕೋನಜೋಲ್ ಅನ್ನೋ ಫಂಗಸ್ ಮದ್ದಿಗೆ ಇಳೀತು. ನನ್ನ ಬಾಟ್ಲಿ ದುಡ್ಡು ಇನ್ನೂ ಕೊಟ್ಟಿಲ್ಲ.

2024ರ ಮಾರ್ಚಲ್ಲಿ ಅಕ್ಕನೇ ಫೋನ್ ಮಾಡಿದ್ಲು, ಗಾಬರಿಲಿ, ಆ ವಾಶ್ ಎಸೆದ್ಬಿಡೋ ಕ್ಯಾನ್ಸರ್ ಅಂತೆ ಅಂತ. ವಿಷ್ಯ ಏನಂದ್ರೆ ಅಮೆರಿಕದ ವ್ಯಾಲಿಶ್ಯೂರ್ ಅನ್ನೋ ಲ್ಯಾಬು, ಬೆಂಜಾಯ್ಲ್ ಪೆರಾಕ್ಸೈಡ್ ಬಿಸಿಗೆ ಒಡೆದು ಬೆಂಜೀನ್ ಆಗುತ್ತೆ ಅಂತ ಅಲ್ಲಿನ ಎಫ್‌ಡಿಎಗೆ, ಅಂದ್ರೆ ಔಷಧ ಆಹಾರ ನೋಡ್ಕೊಳೋ ಸರ್ಕಾರಿ ಸಂಸ್ಥೆಗೆ, ಬರೆದಿತ್ತು. ಬೆಂಜೀನ್ ಕ್ಯಾನ್ಸರ್ ತರೋ ವಸ್ತು ಅನ್ನೋದು ನಿಜವೇ. ಆಮೇಲೆ ಎಫ್‌ಡಿಎ 95 ಪ್ರಾಡಕ್ಟ್ ಟೆಸ್ಟ್ ಮಾಡಿ 2025ರ ಮಾರ್ಚಲ್ಲಿ ಹೇಳಿದ್ದು, 90%ಗಿಂತ ಜಾಸ್ತಿ ಪ್ರಾಡಕ್ಟ್‌ಗಳಲ್ಲಿ ಬೆಂಜೀನ್ ಕಂಡೇ ಇಲ್ಲ ಅಥವಾ ಬಹಳ ಕಮ್ಮಿ, ಕೆಲವೇ ಕೆಲವನ್ನ ಅಂಗಡಿಗಳಿಂದ ವಾಪಸ್ ತರಿಸಿದ್ರು, ದಶಕಗಟ್ಟಲೆ ದಿನಾ ಬಳಸಿದ್ರೂ ಅಪಾಯ ತೀರಾ ಕಮ್ಮಿ ಅಂತ. ನಾನು ಎಸೀಲಿಲ್ಲ. ಆದ್ರೆ ಬಾತ್‌ರೂಮ್ ಕಿಟಕಿಲಿ ಬಿಸಿಲು ಬೀಳೋ ಜಾಗದಿಂದ ತೆಗೆದು ಬೀರು ಒಳಗಿಟ್ಟೆ. ಎಕ್ಸ್‌ಪೈರಿ ಆದ್ಮೇಲೂ ಹಿಂಡಿ ಹಿಂಡಿ ಬಳಸೋ ಚಾಳಿ ಬಿಟ್ಟೆ. ಬೇಸಿಗೆಲಿ ನಿಂತ ಕಾರಲ್ಲಂತೂ ಇಡ್ಲೇಬೇಡಿ.

ಕೆಲ್ಸ ಮಾಡ್ತಾ ಅಂದ್ರೆ, ಮಾಡ್ತು, ನಿಧಾನಕ್ಕೆ. ಮೊದ್ಲ ತಿಂಗ್ಳು ಏನೂ ಇಲ್ಲ, ಬಿಟ್ಬಿಡೋಣ ಅನ್ಸಿತ್ತು. ಆರನೇ ವಾರದ ಹೊತ್ತಿಗೆ ಹೊಸದು ಬರೋದು ಕಮ್ಮಿಯಾಯ್ತು, ಮೂರು ತಿಂಗ್ಳಿಗೆ ಬೆನ್ನು ಗೋಡೆಗೆ ಒರಗೋ ಹಂಗಾಯ್ತು. ಕಪ್ಪು ಕಲೆಗಳು ಮಾತ್ರ ವರ್ಷದ ಮೇಲೂ ಇದ್ವು, ನಮ್ಮಂಥ ಬಣ್ಣದ ಚರ್ಮಕ್ಕೆ ಅದೊಂದು ಗ್ರಹಚಾರ, ಮೊಡವೆ ಹೋದ್ರೂ ಗುರುತು ಹೋಗಲ್ಲ, ಸನ್‌ಸ್ಕ್ರೀನ್ ಹಚ್ಕೊಂಡು ಕಾಯ್ಬೇಕು. ಎರಡು ಕಡೆ ಗುಳಿನೇ ಬಿದ್ದಿದೆ, ಅದಕ್ಕೆ ಯಾವ ವಾಶೂ ಏನೂ ಮಾಡಲ್ಲ. ಗಂಟು ಗಂಟಾಗಿ ನೋಯೋ ಥರದ್ದು ಇದ್ರೆ ವಾಶ್ ನಂಬ್ಕೊಂಡು ಕೂರ್ಬೇಡಿ, ಡಾಕ್ಟ್ರ ಹತ್ರ ಬೇಗ ಹೋಗಿ, ನಾನು ಬೇಗ ಹೋಗಿದ್ರೆ ಆ ಗುಳಿ ಇರ್ತಿರ್ಲಿಲ್ಲ.

ಈಗ ಊರಿಗೆ ಹೋದ್ರೆ ನಂಗೆ ಬೇರೆ ಟವಲ್ಲು, ಅಚ್ಚ ಬಿಳಿದು, ದಿಂಬಿನ ಕವರ್ರೂ ಬಿಳಿ. ಮರೂನ್ ಟವಲ್ಲು ನೆಲ ಒರೆಸೋಕೆ ಹೋಗಿದೆ. ಹೋದ ತಿಂಗ್ಳು ಪಕ್ಕದ್ಮನೆ ಆಂಟಿ, ನಿಮ್ ಹುಡುಗನ ಮುಖ ಎಷ್ಟು ಕ್ಲೀನಾಗಿದೆ ಏನ್ ಹಚ್ಚಿದ್ರಿ ಅಂತ ಕೇಳಿದ್ರು, ನಾನು ಬಾಯಿ ತೆಗೆಯೋ ಮುಂಚೆನೇ ಅಮ್ಮ, "ಎಲ್ಲಾ ಉಷ್ಣ ಕಣ್ರೀ, ಬೆಳಗ್ಗೆ ಬೆಳಗ್ಗೆ ಮೆಂತ್ಯದ ನೀರು ಕುಡಿಸ್ದೆ ನೋಡಿ" ಅಂದ್ಲು.