ತುರಿಕೆ ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಒಂದು ಮೆಡಿಕಲ್ ಶಾಪಿನಲ್ಲಿ ನಾನು ಫಾರ್ಮಸಿಸ್ಟ್. ಹನ್ನೊಂದು ವರ್ಷ ಆಯಿತು. ನಮ್ಮಲ್ಲಿ ಡಾಕ್ಟರ ಚೀಟಿಗಿಂತ ಮೊದಲು ಕೌಂಟರಿಗೆ ಕೈ ಬರುತ್ತದೆ. ಅಂಗಿ ತೋಳು ಮೇಲೆ ಸರಿಸಿ, "ಅಕ್ಕಾ, ಇದಕ್ಕೊಂದು ಟ್ಯೂಬ್ ಕೊಡಿ" ಅನ್ನುತ್ತಾರೆ.

ಉಬ್ಬಿ ಕೆಂಪಾಗಿದ್ದೆಲ್ಲ ಊರಿಗೆ ಹುಳಕಡ್ಡಿಯೇ. ಮಲಯಾಳದವರಿಗೆ ಪುಳುಕ್ಕಡಿ. ಎರಡು ಹೆಸರಲ್ಲೂ ಹುಳ ಇದೆ, ಚರ್ಮದಲ್ಲಿ ಮಾತ್ರ ಇಲ್ಲ. ಅದು ಫಂಗಸ್, ಹಳೇ ಚಪ್ಪಲಿಗೆ ಬರುವ ಬೂಷ್ಟಿನ ಜಾತಿ. ಅಂಚು ಉಬ್ಬಿ, ಹೊಟ್ಟು ಎದ್ದು, ನಡುವೆ ತಿಳಿಯಾಗಿ ಉಂಗುರದ ಹಾಗೆ ಹರಡುತ್ತದೆ. ತುರಿಕೆಯಂತೂ ನಿದ್ದೆ ಕೆಡಿಸುವಷ್ಟು.

ಉಳಿದದ್ದನ್ನು ನಾನು ಕಲಿತದ್ದು ಕೈಗಳನ್ನು ನೋಡಿ ನೋಡಿ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವವರ ಕೈ ಮೈಲುತುತ್ತು, ಸುಣ್ಣ ತಾಗಿ ಒಡೆದು ಉರಿಯುತ್ತಿರುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಸುಟ್ಟ ಹಾಗೆ ಕಪ್ಪಾಗಿ ಗುಳ್ಳೆ ಏಳುತ್ತದೆ. ಮೊಣಕೈಯಲ್ಲಿ ದಪ್ಪಗೆ ಎದ್ದು, ಕೆರೆದರೆ ಬೆಳ್ಳಿ ಬಣ್ಣದ ಹೊಟ್ಟು ಉದುರಿದರೆ ಉಗುರನ್ನೂ ನೋಡುತ್ತೇನೆ. ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಕುಳಿ ಇದ್ದರೆ ಸೋರಿಯಾಸಿಸ್ ಇರಬಹುದು. ಅದು ಅಂಟುವ ರೋಗ ಅಲ್ಲ.

ಪಿತ್ತದ ಗಂದೆಗೆ ನನ್ನ ಬಾಲ್ ಪೆನ್ನೇ ಸಾಕು. ದಡಿಕೆಯ ಸುತ್ತ ಗೆರೆ ಎಳೆದು "ನಾಳೆ ಬನ್ನಿ" ಅನ್ನುತ್ತೇನೆ. ಗಂದೆ ಆದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಅಲ್ಲಿಂದ ಹೋಗಿ ಬೇರೆ ಕಡೆ ಎದ್ದಿರುತ್ತದೆ. ಗೆರೆ ಒಂದೇ ಉಳಿದಿರುತ್ತದೆ. (ತುಟಿ ಊದಿದ್ದರೆ, ಉಸಿರು ಕಟ್ಟುತ್ತಿದ್ದರೆ ನಾಳೆಯ ಮಾತೇ ಇಲ್ಲ, ಆಗಲೇ ಆಸ್ಪತ್ರೆಗೆ.)

ಎಲ್ಲರಿಗೂ ಬೇಕಾದದ್ದು ಎರಡು ದಿನದಲ್ಲಿ ತುರಿಕೆ ನಿಲ್ಲಿಸುವ ಕ್ರೀಮ್. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ತುರಿಕೆ ನಿಲ್ಲುತ್ತದೆ, ಫಂಗಸ್ ಒಳಗೊಳಗೇ ಹಬ್ಬುತ್ತದೆ. ಉಂಗುರದ ಅಂಚು ಮಾಸಿ ಆಮೇಲೆ ಡಾಕ್ಟರಿಗೂ ಗುರುತು ಸಿಗುವುದು ಕಷ್ಟ. 2018ರಲ್ಲಿ ಇಂಥ ಹಲವು ಕ್ರೀಮುಗಳನ್ನು ಚೀಟಿ ಇಲ್ಲದೆ ಕೊಡಬಾರದ ಪಟ್ಟಿಗೆ ಸೇರಿಸಿದರು. ಕೊಡಲ್ಲ ಅಂದರೆ ಮುನಿಸಿಕೊಂಡು ಪಕ್ಕದ ಪೇಟೆಗೆ ಹೋಗುವವರು ಈಗಲೂ ಇದ್ದಾರೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಎಡವಿದ್ದು ಒಬ್ಬ ಅಣ್ಣನ ಕೈಯಲ್ಲಿ. ಅಡಿಕೆ ಸುಲಿಯುವ ಕೆಲಸ ಅವರದ್ದು. ಮೊಣಕೈ ಕೆಳಗೆ ಎರಡು ಮಚ್ಚೆ, ಅಂಚು ಉಬ್ಬಿದ್ದು, ನಡುವೆ ಬಣ್ಣ ಸ್ವಲ್ಪ ಕಮ್ಮಿ. ಫಂಗಸ್ಸಿನ ಕ್ರೀಮ್ ಕೊಟ್ಟೆ. ತಿಂಗಳಾದ ಮೇಲೆ ಬಂದರು, ಇನ್ನೊಂದು ಟ್ಯೂಬ್ ಕೊಟ್ಟೆ. "ತುರಿಕೆ ಉಂಟಾ ಅಣ್ಣಾ?" ಅಂತ ಕೇಳಿದ್ದೆ. "ಇಲ್ಲವೇ ಇಲ್ಲ. ತುರಿಕೆ ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ?" ಅಂದರು. ನಾನೂ ಹೌದು ಅಂದೆ.

ಮೂರನೇ ಸಲ ಬಂದಾಗ ಏಪ್ರಿಲ್. ನಮ್ಮ ಕಡೆಯ ಸೆಕೆ ಹೇಳಬೇಕಾ? ಅವರ ಕೈಯೆಲ್ಲ ಬೆವರು. ಮಚ್ಚೆ ಮಾತ್ರ ಒಣಗಿತ್ತು. ಅಲ್ಲಿ ರೋಮವೂ ಇರಲಿಲ್ಲ. ಕಿರುಬೆರಳ ಬದಿಯಲ್ಲಿ ಒಂದು ಬೊಕ್ಕೆ ಬೇರೆ. "ಇದೇನು?" ಅಂದೆ. ಗಂಜಿ ಪಾತ್ರೆ ಇಳಿಸುವಾಗ ಸುಟ್ಟದ್ದಂತೆ, ಸುಟ್ಟದ್ದು ಗೊತ್ತೇ ಆಗಲಿಲ್ಲವಂತೆ.

ನನ್ನ ಹೊಟ್ಟೆಯಲ್ಲಿ ಏನೋ ಆಯಿತು. ಕಣ್ಣು ಮುಚ್ಚಲು ಹೇಳಿ ಅದೇ ಪೆನ್ನಿನ ತುದಿಯನ್ನು ಮೆಲ್ಲಗೆ ತಾಗಿಸಿದೆ. ಒಳ್ಳೆ ಚರ್ಮದ ಮೇಲೆ ಇಟ್ಟಾಗ "ಹ್ಞಾಂ" ಅಂದರು. ಮಚ್ಚೆಯ ನಡುವೆ ಇಟ್ಟಾಗ ಸುಮ್ನೆ ಇದ್ದರು. ಮತ್ತೆ ಇಟ್ಟೆ. "ಶುರು ಮಾಡಿದ್ರಾ ಅಕ್ಕಾ?" ಅಂತ ಕೇಳಿದರು.

ರೋಗದ ಹೆಸರು ಹೇಳುವುದು ನನ್ನ ಕೆಲಸ ಅಲ್ಲ. ಆದರೆ ಅವತ್ತು ಟ್ಯೂಬ್ ಕೊಡಲಿಲ್ಲ, ಕುಟುಂಬ ಆರೋಗ್ಯ ಕೇಂದ್ರಕ್ಕೆ ಕಳಿಸಿದೆ. ಅಲ್ಲಿಂದ ಚರ್ಮದ ಡಾಕ್ಟರು ನೋಡಿ ಕುಷ್ಠ ಅಂದರು. ಮಚ್ಚೆ ಐದಕ್ಕಿಂತ ಜಾಸ್ತಿ ಇರಲಿಲ್ಲ, ಹಾಗಾಗಿ ಆರು ತಿಂಗಳ ಮಾತ್ರೆ. ಜಾಸ್ತಿ ಇದ್ದಿದ್ದರೆ ಒಂದು ವರ್ಷ. ಮಾತ್ರೆ ಪೂರ್ತಿ ಉಚಿತ. ಮನೆಯವರನ್ನೂ ಪರೀಕ್ಷೆ ಮಾಡಿದರು.

ಹೆಂಡತಿ ಅಂಗಡಿಗೆ ಬಂದು, ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, "ಮಕ್ಕಳನ್ನು ಅವರ ಹತ್ತಿರ ಬಿಡಬಹುದಾ?" ಅಂತ ಕೇಳಿದರು. ಬಿಡಬಹುದು ಅಂದೆ. ಮುಟ್ಟಿದರೆ, ಒಟ್ಟಿಗೆ ಉಂಡರೆ ಬರುವ ರೋಗ ಅಲ್ಲ ಅದು. ಮಾತ್ರೆ ಶುರುವಾದ ಮೇಲೆ ಹರಡುವ ಭಯವೂ ಇಲ್ಲ. ಮಾತ್ರೆ ತಿಂದ ದಿನ ಮೂತ್ರ ಕೆಂಪಾಯಿತು ಅಂತ ಅಣ್ಣನೇ ಓಡಿಬಂದರು. ಅದು ಮಾತ್ರೆಯಲ್ಲಿರುವ ರಿಫಾಂಪಿಸಿನ್ ಅನ್ನುವ ಮದ್ದಿನ ಬಣ್ಣ, ರಕ್ತ ಅಲ್ಲ ಅಂತ ಹೇಳಿದಾಗ ಕೌಂಟರಿಗೆ ಒರಗಿ ನಕ್ಕರು.

ಈಗ ಮಾತ್ರೆ ಮುಗಿದಿದೆ. ಮಚ್ಚೆಯ ಉಬ್ಬು ಇಳಿದಿದೆ. ಕಿರುಬೆರಳಿಗೆ ಮಾತ್ರ ಪೂರ್ತಿ ಸ್ಪರ್ಶ ಬಂದಿಲ್ಲ, ಪಾತ್ರೆ ಇಳಿಸುವಾಗ ಬಟ್ಟೆ ಸುತ್ತಿಕೊಳ್ಳುತ್ತಾರೆ. ನಾನು ಕೊಟ್ಟ ಆ ಎರಡು ಟ್ಯೂಬಿನ ಮಾತನ್ನು ಅವರು ಒಮ್ಮೆಯೂ ಎತ್ತಿಲ್ಲ.