ಕ್ರಿಕೆಟ್ ಬರೆದ ಕುಲಪತಿ

ಹಿಲರಿ ಬೆಕಲ್ಸ್ ಬಗ್ಗೆ ಸುಮ್ನೆ ಓದುತ್ತಾ ಕೂತಿದ್ದೆ. 1955ರಲ್ಲಿ ಬಾರ್ಬಡೋಸ್‌ನಲ್ಲಿ ಹುಟ್ಟಿದ ಇತಿಹಾಸಕಾರ, 2015ರಲ್ಲಿ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಕುಲಪತಿಯಾದವರು. ಅದಕ್ಕೂ ಮೊದಲು ಅವರು ಪ್ರಾಂಶುಪಾಲರಾಗಿದ್ದ, ಅದೇ ವಿಶ್ವವಿದ್ಯಾಲಯದ ಬಾರ್ಬಡೋಸ್‌ನ ಕೇವ್ ಹಿಲ್ ಕ್ಯಾಂಪಸ್ಸಿನ ಮೈದಾನದ ಹೆಸರು ತ್ರೀ ಡಬ್ಲ್ಯೂಸ್ ಓವಲ್. ಆ ಮೂರು ಡಬ್ಲ್ಯೂಗಳು ಅಂದ್ರೆ ವೆಸ್ಟ್ ಇಂಡೀಸ್‌ನ ಹೆಸರಾಂತ ಬ್ಯಾಟ್ಸ್‌ಮನ್‌ಗಳಾದ ವೊರೆಲ್, ವೀಕ್ಸ್, ವಾಲ್ಕಾಟ್. ಮೂವರ ಸಮಾಧಿಯೂ ಅಲ್ಲೇ ಪಕ್ಕದಲ್ಲಿದೆ. ಪಾಠ, ಆಟ ಎರಡಕ್ಕೂ ಒಂದೇ ಕಾಂಪೌಂಡು!

ಗುಲಾಮಗಿರಿಯ ಚರಿತ್ರೆ ಬರೆದ ಇವರು 1998ರಲ್ಲಿ ವಿಂಡೀಸ್ ಕ್ರಿಕೆಟ್ ಬಗ್ಗೆ ಎರಡು ಸಂಪುಟ ತಂದರು. ವಿಷಯ ಬದಲಾಯಿಸಿದರು ಅಂತ ನನಗೇನೂ ಅನ್ನಿಸಲಿಲ್ಲ. ಕಪ್ಪು ಆಟಗಾರರೇ ರನ್ ಹೊಡೆದು ಗೆಲ್ಲಿಸುತ್ತಿದ್ದರೂ, ಅವರಲ್ಲೊಬ್ಬನಿಗೆ ಇಡೀ ಸರಣಿಯ ನಾಯಕತ್ವ ಮೊದಲ ಸಲ ಸಿಕ್ಕಿದ್ದು 1960ರಲ್ಲಿ, ವೊರೆಲ್‌ಗೆ. ಇದನ್ನು ಬರೀ ಸ್ಕೋರ್‌ಬೋರ್ಡ್ ನೋಡಿ ಬರೆಯೋಕಾಗುತ್ತಾ? ಇತಿಹಾಸದ ಮೇಷ್ಟ್ರೇ ಬೇಕು, ಅಲ್ವಾ?